ಕಕ್ಕಡದ ಮಳೆಯಲ್ಲೂ ಡೋಪಮೈನ್ ಸಿಗ್ನಲ್: ನನ್ನ ಅನುಭವ

ಮಡಿಕೇರಿಯ ಮಳೆಗಾಲದಲ್ಲಿ ವೋಲ್ಟಾಮೆಟ್ರಿ (ಎಲೆಕ್ಟ್ರೋಡ್‌ನ ವೋಲ್ಟೇಜ್ ಏರಿಳಿಸಿ, ಹರಿಯುವ ಕರೆಂಟ್‌ನಿಂದ ಮಿದುಳಿನ ರಾಸಾಯನಿಕ ಅಳೆಯುವುದು) ಆಗುವ ಮಾತಲ್ಲ ಎಂದವರೇ ಹೆಚ್ಚು. ಸುತ್ತಲೂ ಶೀತ, ಗಳಿಗೆಗೊಮ್ಮೆ ಕರೆಂಟ್ ಹೋಗುವ ಕಕ್ಕಡದಲ್ಲೇ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲೇ, ಇಲಿಯ ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಿಂದ ಸ್ವಚ್ಛ ಡೋಪಮೈನ್ ಸಿಗ್ನಲ್ ತೆಗೆದಿದ್ದೇನೆ. ಒಂದರಲ್ಲಲ್ಲ, ಸಾಲಾಗಿ ಏಳೆಂಟು ಇಲಿಗಳಲ್ಲಿ.

ಎಲೆಕ್ಟ್ರೋಡ್‌ಗೆ ಕೊಡುವ ವೋಲ್ಟೇಜ್‌ನ ವೇವ್‌ಫಾರ್ಮ್ ಎಲ್ಲರೂ ಬಳಸುವುದೇ: ಮೈನಸ್ 0.4ರಿಂದ 1.3 ವೋಲ್ಟ್, ಮತ್ತೆ ವಾಪಸ್, ಸೆಕೆಂಡಿಗೆ 400 ವೋಲ್ಟ್ ವೇಗ, 10 ಹರ್ಟ್ಜ್. ಎಲೆಕ್ಟ್ರೋಡ್‌ನ ಕಾರ್ಬನ್ ಎಳೆ 7 ಮೈಕ್ರಾನ್ ದಪ್ಪ, ಗಾಜಿನಿಂದಾಚೆ ಚಾಚಿದ ಉದ್ದ ನೂರು ಮೈಕ್ರಾನ್ ಒಳಗೆ. ಅರಿವಳಿಕೆಗೆ ಯೂರೆಥೇನ್, ಕೆಜಿಗೆ 1.5 ಗ್ರಾಂ, ಇಲಿಯನ್ನು ಮತ್ತೆ ಎಚ್ಚರಿಸುವಂತಿಲ್ಲ, ಎಥಿಕ್ಸ್ ಅರ್ಜಿಯಲ್ಲೇ ಅದನ್ನು ಬರೆಯಿರಿ.

ಕಾಡಿದ್ದು ಹೆಡ್‌ಸ್ಟೇಜ್, ಅಂದರೆ ಎಲೆಕ್ಟ್ರೋಡ್‌ಗೆ ಜೋಡಿಸುವ ಪುಟ್ಟ ಆಂಪ್ಲಿಫೈಯರ್. ಬ್ಯಾಕ್‌ಗ್ರೌಂಡ್ ಕರೆಂಟ್ ನೂರಾರು ನ್ಯಾನೋಆಂಪಿಯರ್, ಅದರ ಮೇಲೆ ಕೂರುವ ಡೋಪಮೈನ್ ಬೆರಳೆಣಿಕೆಯಷ್ಟು. ಪಿನ್‌ಗಳ ನಡುವೆ ಕಣ್ಣಿಗೆ ಕಾಣದ ತೇವ ಕೂತರೆ ಲೀಕೇಜ್ ಶುರು, ಬ್ಯಾಕ್‌ಗ್ರೌಂಡ್ ಜಾರುತ್ತಲೇ ಇರುತ್ತದೆ, ಕಳೆದು ನೋಡಿದರೆ ಏನೂ ಉಳಿಯುವುದಿಲ್ಲ. ಹೊಸದಕ್ಕೆ ಲಕ್ಷದ ಮೇಲೆ ಕೊಟೇಶನ್ ಬಂದಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಪಿನ್ ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಸಿಲಿಕಾ ಜೆಲ್ ತುಂಬಿದ ಬಿಗಿ ಮುಚ್ಚಳದ ಡಬ್ಬಿ. ಎಲ್ಲ ಸೇರಿ ಐನೂರು ರೂಪಾಯಿ ಆಗಿರಬಹುದು. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ ದಿನವೇ ಹುರಿದು ಒಣಗಿಸಬೇಕು.

ವೋಲ್ಟೇಜ್ ಅಳೆಯಲು ಆಧಾರವಾಗುವ ರೆಫರೆನ್ಸ್ ಎಲೆಕ್ಟ್ರೋಡ್‌ಗೆ ಅಕ್ಕಸಾಲಿಯಿಂದ ಬೆಳ್ಳಿ ತಂತಿ ತಂದೆ. ಒಡವೆಯ 92.5 ಬೇಡ, ಅದರಲ್ಲಿ ತಾಮ್ರ ಇರುತ್ತದೆ, 99.9 ಕೇಳಿ. ಬಟ್ಟೆಯ ಬ್ಲೀಚ್‌ನಲ್ಲಿ ಅದ್ದಿಟ್ಟರೆ ಕಂದುನೇರಳೆ ಸಿಲ್ವರ್ ಕ್ಲೋರೈಡ್ ಪದರ ಕಟ್ಟುತ್ತದೆ. ಪದರ ಸವೆದರೆ 0.6 ವೋಲ್ಟ್‌ನಲ್ಲಿ ಬರಬೇಕಾದ ಡೋಪಮೈನ್ ಪೀಕ್ 0.8ರತ್ತ ಸರಿಯುತ್ತದೆ, ನಾನು ಎರಡು ವಾರ ಕಾರ್ಬನ್ ಎಲೆಕ್ಟ್ರೋಡನ್ನೇ ಬೈದುಕೊಂಡೆ.

50 ಹರ್ಟ್ಜ್ ಗುಂಯ್ ಹೋಗದಿದ್ದರೆ ಹೀಟಿಂಗ್ ಪ್ಯಾಡ್ ಕಿತ್ತು ಬಿಸಿನೀರಿನ ಚೀಲ ಇಡಿ. ಗದ್ದಲ ತಡೆಯುವ ಫ್ಯಾರಡೆ ಕೇಜ್, ಇಲಿಯ ತಲೆ ಅಲುಗದಂತೆ ಹಿಡಿಯುವ ಸ್ಟೀರಿಯೋಟ್ಯಾಕ್ಸಿಕ್ ಚೌಕಟ್ಟು, ಲೈಟು, ಎಲ್ಲಕ್ಕೂ ಒಂದೇ ಬಿಂದುವಿನಲ್ಲಿ ಅರ್ಥ್.

ಡೋಪಮೈನ್ ನರಕೋಶಗಳಿರುವ ವಿಟಿಎ ಎಂಬ ಮಿದುಳಿನ ಭಾಗಕ್ಕೆ 60 ಹರ್ಟ್ಜ್‌ನಲ್ಲಿ 24 ವಿದ್ಯುತ್ ಪಲ್ಸ್ ಕೊಟ್ಟಾಗ ಕರೆಂಟ್ 0.6 ವೋಲ್ಟ್‌ನಲ್ಲಿ ಏರಿ, ಮರಳುವಾಗ ಮೈನಸ್ 0.2ರಲ್ಲಿ ಇಳಿದರೆ ಮಾತ್ರ ನಂಬಿ. ಡೋಪಮೈನ್ ಮರುಹೀರಿಕೆ ತಡೆಯುವ ನೊಮಿಫೆನ್ಸಿನ್ ಔಷಧ ಕೊಟ್ಟ ಮೇಲೆ ಸಿಗ್ನಲ್‌ನ ಬಾಲ ಉದ್ದವಾಗಬೇಕು. ಆಗದಿದ್ದರೆ ನೀವು ನೋಡುತ್ತಿರುವುದು ಪಿಎಚ್ ಬದಲಾವಣೆಯೇ ಇರಬಹುದು.

ನಡುವೆ ವೇವ್‌ಫಾರ್ಮ್‌ನ ಮೇಲಿನ ತುದಿಯನ್ನು 1.3ರಿಂದ 1.0 ವೋಲ್ಟ್‌ಗೆ ಇಳಿಸಿ ನೋಡಿದೆ. ಸಿಗ್ನಲ್ ಚುರುಕಾಯಿತು, ಆದರೆ ಕುಗ್ಗಿತು, ಮತ್ತೆ 1.3ಕ್ಕೇ ಬಂದೆ. ಎಳೆಯ ಸುತ್ತ ಗಾಜು ಬಿಗಿಯುವ ನನ್ನ ವಿಧಾನವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹತ್ತರಲ್ಲಿ ಆರೇಳು ಎಲೆಕ್ಟ್ರೋಡ್ ಉಳಿಯುವುದು ಅದರಿಂದಲೇ.