ಬಾಲ್ಯವಿವಾಹ ತಡೆ: ಮುಚ್ಚಳಿಕೆ ಬರೆಸಿದರೆ ಮುಗಿಯಲಿಲ್ಲ

ಚಪ್ಪರದಡಿ ಹೋಗಿ ಮದುವೆ ನಿಲ್ಲಿಸುವುದು ಕೊನೆಯ ಉಪಾಯ. ಅಷ್ಟು ಹೊತ್ತಿಗೆ ಸಾಲ ಎತ್ತಿರುತ್ತಾರೆ, ಜವಳಿ ಬಂದಿರುತ್ತದೆ, ನೆಂಟರು ಇಳಿದಿರುತ್ತಾರೆ. ಪೊಲೀಸ್ ಜೀಪು ಊರು ದಾಟಿದ ರಾತ್ರಿಯೇ ಬೇರೆ ಕಡೆಯ ಗುಡಿಯಲ್ಲಿ ತಾಳಿ ಬೀಳುತ್ತದೆ. ಅದೇ ಸುದ್ದಿ ಹದಿನೈದು ದಿನ ಮೊದಲು ಸಿಕ್ಕರೆ ಎಷ್ಟೋ ಮದುವೆಗಳು ಮಾತಿನಲ್ಲೇ ನಿಲ್ಲುತ್ತವೆ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆಯ ಹಳ್ಳಿಗಳಲ್ಲಿ ಈ ಕೆಲಸ ಮಾಡುವಾಗ ನಾವು ಹಿಡಿದಿರುವ ದಾರಿ ಇದು.

ಮೊದಲ ಸುದ್ದಿ ಗೊತ್ತಿರುವುದು ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಊರಿನ ಆರೋಗ್ಯ ಕಾರ್ಯಕರ್ತೆ ಆಶಾಗೆ. ಆದರೆ ಅವರು ಅದೇ ಓಣಿಯಲ್ಲಿ ಬದುಕಬೇಕು. ಅವರಿಂದ ಲಿಖಿತ ದೂರು ಕೇಳಿದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿಸಿ, ಕಡತದಲ್ಲಿ ಎಲ್ಲೂ ಅವರ ಹೆಸರು ಬರಬಾರದು. ಶಾಲೆಯೂ ಸುಳಿವು ಕೊಡುತ್ತದೆ: ಹತ್ತನೇ ತರಗತಿಯ ಹುಡುಗಿ ಸಂಕ್ರಾಂತಿ ಕಳೆದ ಮೇಲೆ ವಾರಗಟ್ಟಲೆ ಬರದಿದ್ದರೆ, ಮಧ್ಯದಲ್ಲಿ ಟಿಸಿ ಕೇಳಿದರೆ, ಮುಖ್ಯಶಿಕ್ಷಕರು ಅಂದೇ ಫೋನ್ ಮಾಡಬೇಕು. ಲಗ್ನಪತ್ರಿಕೆ ಅಚ್ಚಾಗುವವರೆಗೆ ಕಾಯಬೇಡಿ. ಈಗ ಒಸಗೆ ಎಂದೋ ಗೃಹಪ್ರವೇಶ ಎಂದೋ ಹೇಳಿ ಕರೆಯುವವರಿದ್ದಾರೆ. ಶಾಮಿಯಾನದವರು, ಅಡುಗೆಯವರು, ಮುಹೂರ್ತ ನೋಡುವ ಪುರೋಹಿತರು, ಇವರ ಜತೆ ವರ್ಷವಿಡೀ ಮಾತುಕತೆ ಇರಬೇಕು. ಮದುವೆ ನಡೆಸಿಕೊಟ್ಟವರಿಗೂ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ ಎಂದು ಒಮ್ಮೆ ಸಮಾಧಾನವಾಗಿ ತಿಳಿಸಿ ಹೇಳಿದರೆ, ವಯಸ್ಸಿನ ದಾಖಲೆಯನ್ನು ಅವರೇ ಕೇಳತೊಡಗುತ್ತಾರೆ. ಅಕ್ಷಯ ತೃತೀಯ ಮತ್ತು ಬಸವ ಜಯಂತಿ ಒಂದೇ ದಿನ ಬರುವುದರಿಂದ ಆ ವಾರ ಎರಡರಷ್ಟು ಕಣ್ಣಿಡಬೇಕು.

ಮನೆಗೆ ಹೋಗುವ ಮುಂಚೆ ವಯಸ್ಸು ಖಚಿತವಾಗಿರಬೇಕು. ಬಾಲನ್ಯಾಯ ಕಾಯ್ದೆ, 2015ರ ಕಲಂ 94 ಕ್ರಮ ಹೇಳುತ್ತದೆ: ಶಾಲೆಯ ಜನನ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಮನೆಯವರು ಆಧಾರ್ ಕಾರ್ಡು ಮುಂದಿಡುತ್ತಾರೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗಿಯ ಹೆಸರಿರುವ ಪುಟದ ದೃಢೀಕೃತ ಪ್ರತಿ ಕೈಯಲ್ಲಿದ್ದರೆ ಅರ್ಧ ವಾದ ಅಲ್ಲೇ ನಿಲ್ಲುತ್ತದೆ.

ತಂಡ ಚಿಕ್ಕದಿರಲಿ: ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅಥವಾ ಅಂಗನವಾಡಿ ಮೇಲ್ವಿಚಾರಕಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಸಾದಾ ಉಡುಪಿನ ಮಹಿಳಾ ಪೊಲೀಸ್. ಮೂರು ಜೀಪು ನಿಂತರೆ ಊರೆಲ್ಲ ಸೇರುತ್ತದೆ, ಅಪ್ಪನಿಗೆ ಮರ್ಯಾದೆಯ ಪ್ರಶ್ನೆಯಾಗಿ ಹಟ ಬಲಿಯುತ್ತದೆ. ಹುಡುಗಿಯನ್ನು ತಾಯಿಯ ಎದುರಲ್ಲಿ ಕೇಳಬೇಡಿ, ಬೇರೆ ಕೂರಿಸಿ ಮಾತಾಡಿಸಿ. ಮನೆಯ ಟ್ರಂಕಿನಲ್ಲಿ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಕೊಟ್ಟ ಭಾಗ್ಯಲಕ್ಷ್ಮಿ ಬಾಂಡ್ ಇದೆಯೇ ಎಂದು ಕೇಳಿ, ಇದ್ದರೆ ತರಿಸಿ. ಜನ್ಮದಿನಾಂಕ ಅದರಲ್ಲೇ ಇರುತ್ತದೆ, ಅದನ್ನು ಬರೆಸಿದವರು ತಂದೆತಾಯಿಯೇ. 18 ತುಂಬುವ ಮುಂಚೆ ಮದುವೆಯಾದರೆ ಬರಬೇಕಾದ ಸುಮಾರು 1 ಲಕ್ಷ ರೂಪಾಯಿ ಹೋಗುತ್ತದೆ ಎಂದು ಆ ಹಾಳೆಯ ಮೇಲೇ ಬೆರಳಿಟ್ಟು ತೋರಿಸಿ. ಕಲಂ ಓದಿ ಹೇಳುವುದಕ್ಕಿಂತ ಇದು ಬೇಗ ನಾಟುತ್ತದೆ.

ಗಂಡಿನ ಮನೆಗೂ ಅದೇ ದಿನ ಹೋಗಲೇಬೇಕು. ಬಹುತೇಕ ಕಡೆ ತಪ್ಪುವುದು ಇಲ್ಲೇ. ಗಂಡಿನ ಊರು ಬೇರೆ ತಾಲ್ಲೂಕಿನದು, ಅದು ನಮಗೆ ಸೇರುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಜೈಲಿಗೆ ಹೋಗುವವನು ತಮ್ಮ ಮಗ, ಇದು ಜಾಮೀನುರಹಿತ ಅಪರಾಧ, ಮೇಲೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಬೀಳುತ್ತದೆ ಎಂದು ತಿಳಿದರೆ ಹಿಂದೆ ಸರಿಯುವುದರಲ್ಲಿ ಅವರೇ ಮುಂದು.

ಇನ್ನು ಮುಚ್ಚಳಿಕೆ, ಅಂದರೆ 18 ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಮನೆಯವರಿಂದ ಬರೆಸಿಕೊಳ್ಳುವ ಪತ್ರ. ಅದು ಬೇಕು, ಆದರೆ ಬಲ ಕಡಿಮೆ. ಅದನ್ನು ಮುರಿದದ್ದಕ್ಕೇ ಎಂದು ಬಾಲ್ಯವಿವಾಹ ಕಾಯ್ದೆಯಲ್ಲಿ ಪ್ರತ್ಯೇಕ ಶಿಕ್ಷೆ ಇಲ್ಲ. ಮನೆಯವರ ಮಾತಿನಲ್ಲಿ ಅನುಮಾನ ಕಂಡರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಕಲಂ 13ರಡಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಿಂದ ತಡೆಯಾಜ್ಞೆ ತನ್ನಿ. ತುರ್ತಿದ್ದರೆ ನೋಟಿಸ್ ಇಲ್ಲದೆಯೂ ಮಧ್ಯಂತರ ಆದೇಶ ಸಿಗುತ್ತದೆ. ಅದನ್ನು ಮೀರಿದರೆ 2 ವರ್ಷದವರೆಗೆ ಸಜೆ, ಮದುವೆಯೂ ಮೊದಲಿನಿಂದಲೇ ಅಸಿಂಧು. ಕರ್ನಾಟಕದ ತಿದ್ದುಪಡಿಯಿಂದ ನಮ್ಮಲ್ಲಿ ಬಾಲ್ಯವಿವಾಹ ಹೇಗೂ ಅಸಿಂಧುವೇ, ಮತ್ತೆ ಆದೇಶ ಯಾಕೆ ಎಂದು ಕೇಳುವವರಿದ್ದಾರೆ. ಪರಶುರಾಂಪುರದಿಂದಲೋ ಮೊಳಕಾಲ್ಮುರಿನಿಂದಲೋ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಆಂಧ್ರ. ಮದುವೆ ಗಡಿ ದಾಟಿದರೆ ನಮ್ಮ ತಿದ್ದುಪಡಿ ಹಿಂದೆ ಬರುವುದಿಲ್ಲ. ತಡೆಯಾಜ್ಞೆ ಕೇಂದ್ರ ಕಾಯ್ದೆಯದು, ಅಲ್ಲೂ ಅನ್ವಯಿಸುತ್ತದೆ. ಆದೇಶದ ಪ್ರತಿಯನ್ನು ಎರಡೂ ಮನೆಗೆ ಜಾರಿ ಮಾಡಿ ಸಹಿ ಪಡೆಯಿರಿ. ಗೋಡೆಗೆ ಅಂಟಿಸಿದರೆ ಮಗುವಿನ ಹೆಸರು ಬೀದಿಗೆ ಬರುತ್ತದೆ.

ಮುಹೂರ್ತದ ದಿನ ಬೆಳಗಿನ ಜಾವ ಮತ್ತು ಅದರ ಮುಂದಿನ ಮೂರು ದಿನ ಹುಡುಗಿ ಎಲ್ಲಿದ್ದಾಳೆ ಎಂದು ಕಣ್ಣಾರೆ ನೋಡಿ ಬರಬೇಕು. ಸೋದರತ್ತೆಯ ಮನೆಗೆ ಹೋಗಿದ್ದಾಳೆ ಎಂಬ ಉತ್ತರ ಬಂದರೆ ಆ ಮನೆಗೂ ಹೋಗಬೇಕು. ಅಪಾಯ ಕಂಡರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ. ಮದುವೆಯ ಅಪಾಯದಲ್ಲಿರುವ ಮಗು ಕಾನೂನಿನ ಪ್ರಕಾರವೇ ರಕ್ಷಣೆ ಬೇಕಾದ ಮಗು.

ಆದರೆ ಅಪ್ಪ ಅಮ್ಮನ ಭಯ ಸುಳ್ಳಲ್ಲ ಎಂಬುದನ್ನೂ ಒಪ್ಪಬೇಕು. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷ ಕುಟುಂಬ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಡುತ್ತದೆ. ವಯಸ್ಸಿಗೆ ಬಂದ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವುದು ಹೇಗೆ? ಈ ಪ್ರಶ್ನೆಗೆ ಪೊಲೀಸರ ಬಳಿ ಉತ್ತರವಿಲ್ಲ, ಹಾಸ್ಟೆಲ್ ವಾರ್ಡನ್ ಬಳಿ ಇದೆ. ಗುಳೆ ಹೊರಡುವ ಮುಂಚೆಯೇ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ಸೀಟು ಮಾತಾಡಿಡಿ. ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ಮೀರಬಾರದು. ಆದಾಯ ಪ್ರಮಾಣಪತ್ರ, ಮಗುವಿನ ಬ್ಯಾಂಕ್ ಖಾತೆ ಇಲ್ಲದೆ ಅರ್ಜಿ ಅಲ್ಲೇ ಕೂರುತ್ತದೆ, ಅವನ್ನು ಮೊದಲು ಮಾಡಿಸಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳ ಪಟ್ಟಿ ಹಿಡಿದು ಕೂರಬೇಕು. ಫೇಲಾದವರ ಮನೆಗೆ ಮೊದಲು ಹೋಗಿ, ಪರೀಕ್ಷೆ-2ಕ್ಕೆ ಹೆಸರು ಕಟ್ಟಿಸಿ. ಪಾಸಾದವರಲ್ಲಿ ಯಾರು ಪಿಯುಸಿಗೆ ಸೇರಲಿಲ್ಲ ಎಂಬುದನ್ನು ಜೂನ್ ಕೊನೆಯೊಳಗೆ ಹೆಸರು ಹಿಡಿದು ಪತ್ತೆ ಮಾಡಿ, ಆ ಪಟ್ಟಿಯ ಒಂದು ಪ್ರತಿಯನ್ನು ಮೇಲ್ವಿಚಾರಕಿಗೆ, ಇನ್ನೊಂದನ್ನು ಬೀಟ್ ಪೊಲೀಸರಿಗೆ ಕೊಡಿ.