ನಾಟಿ ಗದ್ದೆಯ ಮಳೆಯನ್ನು ನಾನೇ ಒರೆಸಿಬಿಟ್ಟಿದ್ದೆ

ನಮ್ಮ ಮನೆ ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ. ಮಳೆ ಹಿಡಿಯಿತೆಂದರೆ ಚಪ್ಪಲಿ, ಬೆಲ್ಟು, ಮದುವೆ ಕೋಟು ಎಲ್ಲದಕ್ಕೂ ಬೂಷ್ಟು. ಹಾಗಿರುವಾಗ ಬೀರುವಿನ ಕೆಳಗಿನ ಖಾನೆಯಲ್ಲಿ ಇಪ್ಪತ್ತೈದು ವರ್ಷ ಬಿದ್ದಿದ್ದ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್‌ಗಳ ಗತಿ ಏನಾಗಿರಬೇಡ? ಒಟ್ಟು 11 ಇದ್ದವು. ಮಾವನ ಹತ್ತಿರ ಕ್ಯಾಮೆರಾ ಇಸ್ಕೊಂಡು ಅಪ್ಪ ತೆಗೆದಿದ್ದು. ಅಕ್ಕನ ನಾಮಕರಣ, ಅತ್ತೆಯ ಮದುವೆ, ಗದ್ದೆ ನಾಟಿ, ಕಾಫಿ ಕೊಯ್ಲು. ತಮಾಷೆ ಅಂದರೆ, ಒಲೆ ಮೇಲಿನ ಅಟ್ಟದಲ್ಲಿ ಯಾರೋ ಎಸೆದಿದ್ದ ಮೂರು ಕ್ಯಾಸೆಟ್ ಮಸಿ ಹಿಡಿದಿದ್ದರೂ ಒಳಗೆ ಚೆನ್ನಾಗಿದ್ದವು. ಜೋಪಾನವಾಗಿ ಬೀರುವಿನಲ್ಲಿಟ್ಟಿದ್ದವೇ ಹಾಳಾಗಿದ್ದವು.

ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಉಳಿಸೋಣ ಅಂತ ಹೊರಟೆ. ಮೊದಲ ದಿನವೇ ದೊಡ್ಡ ತಪ್ಪು ಮಾಡಿದೆ. ಆಸೆ ತಡೆಯಲಾಗದೆ ಒಂದು ಕ್ಯಾಸೆಟ್ಟನ್ನು ಹಾಗೇ ವಿಸಿಆರ್‌ಗೆ ತಳ್ಳಿದೆ. ಎರಡು ನಿಮಿಷ ಚಿತ್ರ ಬಂತು, ಆಮೇಲೆ ಬರೀ ಚುಕ್ಕಿ. ಟೇಪಿನ ಬೂಷ್ಟು, ವಿಸಿಆರ್ ಒಳಗೆ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡಿತ್ತು. ಹಾಗೇ ಬಿಟ್ಟು ಇನ್ನೊಂದು ಕ್ಯಾಸೆಟ್ ಹಾಕಿದರೆ ಅದಕ್ಕೂ ಅಂಟುತ್ತದೆ. ಹೊಸ ವಿಸಿಆರ್ ತಂದರಾಯಿತು ಅನ್ನುವ ಕಾಲವೂ ಹೋಯಿತು. ಕೊನೆವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲೇ ನಿಲ್ಲಿಸಿಬಿಟ್ಟಿತು. ಮೈಸೂರಿನಲ್ಲಿ ಹಳೇದೇ ಇನ್ನೊಂದು ಹುಡುಕಿ ತಂದೆ. ಮೊದಲನೆಯದನ್ನು ಟೇಪ್ ತೊಳೆಯುವುದಕ್ಕೆ ಅಂತಲೇ ಇಟ್ಟುಕೊಂಡೆ.

ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿದರೆ ಸುರುಳಿ ಕಪ್ಪಗೆ, ನುಣ್ಣಗೆ ಕಾಣಬೇಕು. ಬಿಳಿ ಪುಡಿಯೋ ಜೇಡರ ಬಲೆಯಂಥ ಎಳೆಯೋ ಕಂಡರೆ ಅದು ಬೂಷ್ಟು. ಈ ಕೆಲಸಕ್ಕೆ ನಾನು ಫೆಬ್ರವರಿವರೆಗೆ ಕಾದೆ. ನಮ್ಮಲ್ಲಿ ಗಾಳಿ ಒಣಗಿರುವುದು ಆಗಲೇ ಅಲ್ವಾ. ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಎರಡು ವಾರ ಇಟ್ಟೆ. ಆಮೇಲೆ ಮಾಸ್ಕ್ ಹಾಕಿಕೊಂಡು ಕಣದಲ್ಲಿ ಕೂತೆ. ಮನೆಯೊಳಗೆ ಮಾತ್ರ ಬೇಡ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಕ್ಯಾಸೆಟ್ ಹಿಂದಿನ ಐದು ಸ್ಕ್ರೂ ಬಿಚ್ಚಿ, ಸುರುಳಿಯ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ, ನೂಲು ಬಿಡದ ಬಟ್ಟೆಯಿಂದ ಒರೆಸಿದೆ. ಒಣಗಿದ ಮೇಲೆ ಸುರುಳಿಗಳನ್ನು ಬೇರೆ ಕ್ಯಾಸೆಟ್ಟಿನ ಶುದ್ಧವಾದ ಖಾಲಿ ಡಬ್ಬಿಗೆ ಹಾಕಿದೆ. ಒಳಗೆ ಸಣ್ಣ ಸ್ಪ್ರಿಂಗು, ರೋಲರುಗಳಿವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಾನು ತೆಗೆಯಲಿಲ್ಲ, ಒಂದು ಸ್ಪ್ರಿಂಗ್ ಇನ್ನೂ ಹುಡುಕುತ್ತಿದ್ದೇನೆ.

ವಿಸಿಆರ್‌ನ ಹೆಡ್ ಒರೆಸುವಾಗ ಕಿವಿಗೆ ಹಾಕುವ ಹತ್ತಿ ಕಡ್ಡಿ ಬಳಸಬೇಡಿ. ಮೇಲೆ ಕೆಳಗೆ ಉಜ್ಜಿದರಂತೂ ಹೆಡ್ ಮುರಿದೇ ಹೋಗಬಹುದು. ಆಲ್ಕೋಹಾಲ್ ಹಾಕಿದ ಮೆತ್ತನೆ ಚರ್ಮದ ತುಂಡನ್ನು, ಹೆಡ್ ಕೂತಿರುವ ತಿರುಗುವ ಡ್ರಮ್‌ಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಕೈಯಲ್ಲಿ ನಿಧಾನ ತಿರುಗಿಸಬೇಕು.

ಕಂಪ್ಯೂಟರಿಗೆ ಇಳಿಸುವುದು ಇನ್ನೊಂದು ಕತೆ. ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ಒಯ್ಯಲು ಮೊದಲು ತಂದ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯಲ್ಲಿ ಅರ್ಧ ಗಂಟೆಯಾಗುವಷ್ಟರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ. ಚಿತ್ರವನ್ನು ಕಟ್ಟುವ ಅಡ್ಡ ಗೆರೆಗಳು ನೀರಿನಲ್ಲಿ ಕಂಡಂತೆ ಓಲಾಡುತ್ತಿದ್ದವು. ಹಳೆ ಟೇಪಿನಿಂದ ಪ್ರತಿ ಗೆರೆಯೂ ಸರಿಯಾದ ಹೊತ್ತಿಗೆ ಹೊರಡುವುದಿಲ್ಲ, ಅದಕ್ಕೇ ಓಲಾಟ. ಇದಕ್ಕೆ ಮದ್ದು ಹಳೆಯ ಡಿವಿಡಿ ರೆಕಾರ್ಡರ್. ರೆಕಾರ್ಡ್ ಮಾಡುವುದೇನೂ ಬೇಡ, ವಿಸಿಆರ್‌ನಿಂದ ಬರುವ ಸಿಗ್ನಲನ್ನು ಅದರ ಮೂಲಕ ಸುಮ್ನೆ ಹಾಯಿಸಿದರೆ ಗೆರೆಗಳು ನೇರವಾಗುತ್ತವೆ. ಪ್ಯಾನಸಾನಿಕ್‌ನ ಡಿಎಂಆರ್-ಇಎಸ್15 ಇದಕ್ಕೆ ಹೆಸರುವಾಸಿ. ನನಗೂ ಅದೇ ಸಿಕ್ಕಿತು. ಕ್ಯಾಪ್ಚರ್ ಕಡ್ಡಿಯನ್ನೂ ಬದಲಾಯಿಸಿದೆ, ಮಾತು ತುಟಿ ಒಂದಾದವು.

ವರ್ಚುವಲ್‌ಡಬ್ ಅನ್ನುವ ತಂತ್ರಾಂಶದಲ್ಲಿ 720 ಗುಣಿಸು 576 ಅಳತೆಗೆ, ಹಫ್‌ವೈಯುವಿ ಕೋಡೆಕ್‌ನಲ್ಲಿ (ವಿಡಿಯೋವನ್ನು ಫೈಲಿಗೆ ಅಡಕ ಮಾಡುವ ಒಂದು ವಿಧಾನ) ಇಳಿಸಿದೆ. ಇದರಲ್ಲಿ ಗುಣಮಟ್ಟ ಏನೂ ಕಳೆದುಹೋಗುವುದಿಲ್ಲ, ಆದರೆ ಗಂಟೆಗೆ 35 ಜಿಬಿಯಷ್ಟು ಜಾಗ ತಿನ್ನುತ್ತದೆ. ನೇರ ಎಂಪಿ4ಗೆ ಇಳಿಸಿ ಜಾಗ ಉಳಿಸಿದವರು ಆಮೇಲೆ ತಿದ್ದಲು ಕೂತಾಗ ಪರದಾಡುತ್ತಾರೆ. ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ವಿಸಿಆರ್ ಸಮೇತ ಎಲ್ಲವನ್ನೂ ಯುಪಿಎಸ್‌ಗೆ ಸಿಕ್ಕಿಸಿದ್ದೆ.

ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಪ್ರತಿ ಫ್ರೇಮೂ ಒಂದು ಬಿಟ್ಟು ಒಂದು ಗೆರೆಯ ಎರಡು ಅರ್ಧಗಳ ಜೋಡಣೆ, ಒಂದು ಅರ್ಧ ಇನ್ನೊಂದಕ್ಕಿಂತ ಸೆಕೆಂಡಿನ ಐವತ್ತನೇ ಒಂದು ಭಾಗ ತಡವಾಗಿ ತೆಗೆದದ್ದು. ಟಿವಿಯಲ್ಲಿ ಇದು ಕಾಣಿಸುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಓಡುವ ಮಗುವಿನ ಅಂಚೆಲ್ಲ ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಇಳಿಸುವಾಗ ಅದನ್ನು ಮುಟ್ಟಬೇಡಿ. ಆಮೇಲೆ ಏವಿಸಿಂತ್ ತಂತ್ರಾಂಶದಲ್ಲಿ, ಆ ಅರ್ಧಗಳನ್ನು ಬಿಡಿಸಿ ಪೂರ್ತಿ ಫ್ರೇಮ್ ಮಾಡುವ ಕ್ಯೂಟಿಜಿಎಂಸಿ ಹಾಕಿ ಸೆಕೆಂಡಿಗೆ 50 ಫ್ರೇಮ್ ಮಾಡಿದೆ. ನಾಟಿ ಮಾಡುವವರ ಕೈ ಎಷ್ಟು ಚುರುಕಾಗಿ ಓಡುತ್ತದೆ ಅಂತ ಆಗಲೇ ಗೊತ್ತಾಗಿದ್ದು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಚಿತ್ರದಲ್ಲಿ ಕಾಳು ಕಾಳು ಜಾಸ್ತಿ ಅನ್ನಿಸಿ, ನಾಯ್ಸ್ ತೆಗೆಯುವ ಫಿಲ್ಟರನ್ನು ಪೂರ್ತಿ ಏರಿಸಿದೆ. ಗಾಜು ಒರೆಸಿದ ಹಾಗೆ ಆಯಿತು. ಖುಷಿಯಿಂದ ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿದರು.

“ಇದೇನೋ, ಎಲ್ಲರೂ ಕೊಪ್ಪೆ ಹಾಕ್ಕೊಂಡಿದ್ದಾರೆ, ಮಳೆ ಎಲ್ಲಿ? ಶಬ್ದ ಮಾತ್ರ ಧೋ ಅಂತಿದೆ.”

ಹೌದು, ಮಳೆ ಮಾಯವಾಗಿತ್ತು! ಆ ಫಿಲ್ಟರ್ ಅಕ್ಕಪಕ್ಕದ ಫ್ರೇಮ್‌ಗಳನ್ನು ಹೋಲಿಸುತ್ತದೆ. ಒಂದರಲ್ಲಿದ್ದು ಹಿಂದೆ ಮುಂದೆ ಇಲ್ಲದ್ದನ್ನು ಕೊಳೆ ಅಂತ ಎತ್ತಿ ಎಸೆಯುತ್ತದೆ. ಮಳೆ ಹನಿ ಇರುವುದೇ ಒಂದು ಫ್ರೇಮಿನಲ್ಲಿ. ಅಜ್ಜಿಯ ಮುಖ ನೋಡಿದೆ. ಸುಕ್ಕುಗಳೂ ಹೋಗಿ ಮೇಣದ ಗೊಂಬೆ ಆಗಿದ್ದರು.

ತಿದ್ದಿದ್ದೆಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಈ ಸಲ ಫಿಲ್ಟರ್ ಬಣ್ಣದ ಮೇಲೆ ಮಾತ್ರ. ವಿಎಚ್‌ಎಸ್‌ನಲ್ಲಿ ಕೆಂಪು ಬಣ್ಣ ಅಂಚು ದಾಟಿ ಹರಡುತ್ತದೆ, ಅದಿಷ್ಟು ತಿದ್ದಿದರೆ ಸಾಕು. ಚಿತ್ರದ ಕೆಳಗೆ ಹರಿದಂತೆ ಕಾಣುವ ಏಳೆಂಟು ಗೆರೆಗಳನ್ನು ಕಪ್ಪು ಮಾಡಿದೆ. ಧ್ವನಿಯಲ್ಲಿ ಕರೆಂಟಿನ ಗುಂಯ್ ಸದ್ದು ಇತ್ತು, 50 ಹರ್ಟ್ಸ್ ಜಾಗದಲ್ಲಿ ಮಾತ್ರ ಕತ್ತರಿಸಿದೆ. ಜೋಡಣೆಯನ್ನು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಮುಗಿಸಿದೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ಪರದೆಯ ಅಳತೆ ನಾಲ್ಕಕ್ಕೆ ಮೂರೇ ಇರಲಿ, ಅಗಲಕ್ಕೆ ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ.

ತಿದ್ದದ ಮೂಲ ಫೈಲುಗಳು ಎರಡು ಹಾರ್ಡ್ ಡಿಸ್ಕಿನಲ್ಲಿವೆ. ಒಂದು ನನ್ನ ಹತ್ತಿರ, ಇನ್ನೊಂದು ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿ. ಅಲ್ಲಿ ಬೂಷ್ಟು ಕಡಿಮೆ. ಹತ್ತು ಕ್ಯಾಸೆಟ್ ಮುಗಿದಿವೆ. ಹನ್ನೊಂದನೆಯದರಲ್ಲಿ ಸುರುಳಿಯೊಳಗಿನ ಟೇಪಿನ ಪದರಗಳೇ ಒಂದಕ್ಕೊಂದು ಅಂಟಿಕೊಂಡಿವೆ, ಎಳೆದರೆ ಹರಿಯುತ್ತದೆ. ಸಿಲಿಕಾ ಜೆಲ್ ಡಬ್ಬದಲ್ಲಿಟ್ಟು ಮುಂದಿನ ಫೆಬ್ರವರಿಗೆ ಕಾಯುತ್ತಿದ್ದೇನೆ. ಅದರ ಮೇಲೆ ಅಪ್ಪನ ಅಕ್ಷರದಲ್ಲಿ “ಕೊಯ್ಲು” ಅಂತಷ್ಟೇ ಇದೆ. ಯಾವ ವರ್ಷದ್ದು ಅಂತ ಅಮ್ಮನಿಗೂ ನೆನಪಿಲ್ಲ.