ಸೊಪ್ಪು ಅಂದರೆ ಉಪ್ಪು ತಂದೆ: ಕಿವಿ ಸ್ವಲ್ಪ ಮಂದವಾದಾಗ ಏನು ಮಾಡಬೇಕು

ನಮ್ಮದು ದೊಡ್ಡಬಳ್ಳಾಪುರ. ಮನೆ ಹಿಂದೆಯೇ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮ್. ಮೂವತ್ತು ವರ್ಷ ಆ ಸದ್ದಿನಲ್ಲೇ ಕಳೆದೆ. ಕಿವಿ ಮಂದವಾಗಿದೆ ಅಂತ ಗೊತ್ತಾಗಿದ್ದು ಮಾತ್ರ ಅಡುಗೆಮನೆಯಿಂದ. ಹೆಂಡತಿ "ಬರ್ತಾ ಸೊಪ್ಪು ತನ್ನಿ" ಅಂದಿದ್ದಳು. ನಾನು ಉಪ್ಪಿನ ಪ್ಯಾಕೆಟ್ ತಂದೆ. ಅದೇ ತಿಂಗಳಲ್ಲಿ ಅದು ಎರಡನೇ ಸಲ.

ನಗು ಬರುತ್ತೆ ಅಲ್ವಾ? ಆದರೆ ವಿಷಯ ಇರೋದು ಇಲ್ಲೇ. ಅ, ಒ, ಉ ದಪ್ಪ ಸದ್ದುಗಳು, ಜೋರಾಗಿ ಬರುತ್ತವೆ. ಸ, ಶ, ಚ ಸಣ್ಣ ಚೂಪು ಸದ್ದುಗಳು, ಕಿವಿ ಮೊದಲು ಬಿಟ್ಟುಕೊಡೋದು ಇವನ್ನೇ. ಸೊಪ್ಪಿನಲ್ಲಿ ಸ ಹೋಯಿತು, ಉಳಿದದ್ದನ್ನು ತಲೆ ಉಪ್ಪು ಅಂತ ಮಾಡಿಕೊಂಡಿತು. ಹಾಗಾಗಿ ಶುರುವಿನಲ್ಲಿ ನಮಗೆ ಮಾತು ಕೇಳಿಸುತ್ತದೆ, ತಿಳಿಯೋದಿಲ್ಲ. ಗಂಡಸರ ದನಿ ಪರವಾಗಿಲ್ಲ, ಮೊಮ್ಮಗಳದು ತಪ್ಪಿಹೋಗುತ್ತದೆ. ಮನೆಯಲ್ಲಿ ಸರಿ, ಮದುವೆ ಛತ್ರದಲ್ಲಿ ಬರೀ ಗದ್ದಲ.

ಮೊದಲು ಗುಗ್ಗೆ ನೋಡಿಸಿ. ಕಿವಿ ಕಟ್ಟಿಕೊಂಡಿರೋದು ಅಷ್ಟಕ್ಕೇ ಇರಬಹುದು. ನಾನು ಬಡ್ಸ್ ಹಾಕಿ ತಿರುವಿ ತಿರುವಿ ಅದನ್ನು ಇನ್ನೂ ಒಳಕ್ಕೆ ತಳ್ಳಿದ್ದೆ. ಪಿನ್ನು, ಬೆಂಕಿಕಡ್ಡಿ, ಬಿಸಿ ಎಣ್ಣೆ ಯಾವುದೂ ಬೇಡ. ಇಎನ್‌ಟಿ ಡಾಕ್ಟರು ಹತ್ತು ನಿಮಿಷದಲ್ಲಿ ತೆಗೆದರು. ಒಂದು ಮಾತು: ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲೇ ಕೇಳದಂತಾದರೆ ಗುಗ್ಗೆ ಅಂತ ಸುಮ್ನೆ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಔಷಧಿ ಬೇಗ ಶುರು ಮಾಡಿದಷ್ಟೂ ಕಿವಿ ವಾಪಸ್ ಬರುವ ಸಾಧ್ಯತೆ ಹೆಚ್ಚು. ಕಿವಿ ಸೋರುತ್ತಿದ್ದರೆ, ತಲೆ ತಿರುಗುತ್ತಿದ್ದರೆ ಕೂಡ ತಡ ಮಾಡಬೇಡಿ.

ಗುಗ್ಗೆ ಹೋದಮೇಲೂ ನನಗೆ ಸೊಪ್ಪು ಉಪ್ಪೇ ಆಗಿತ್ತು. ಆಮೇಲೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಹಾಳೆಯಲ್ಲಿ ಗೆರೆ ಎಳೆದು ತೋರಿಸುವ ಪರೀಕ್ಷೆ. ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಸಣ್ಣಗೆ ಕುಂಯ್ ಅಂದರೂ ಬಟನ್ ಒತ್ತಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಡಿಯಾಲಜಿಸ್ಟ್ (ಕೇಳುವ ಶಕ್ತಿ ಪರೀಕ್ಷಿಸುವ ತಜ್ಞರು) ಇರುವ ಬೇರೆ ಆಸ್ಪತ್ರೆಗಳಲ್ಲೂ ಮಾಡುತ್ತಾರೆ.

ಆ ಹಾಳೆ ಓದೋದು ಕಲಿಯಿರಿ, ಕಷ್ಟವೇನಿಲ್ಲ. ಅಡ್ಡಕ್ಕೆ 250ರಿಂದ 8000 ಹರ್ಟ್ಸ್: ಎಡಗಡೆ ದಪ್ಪ ಸದ್ದು, ಬಲಗಡೆ ಚೂಪು ಸದ್ದು. ಗೆರೆ ಕೆಳಗೆ ಇಳಿದಷ್ಟೂ ಕಿವಿ ಮಂದ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸು ಚಿಹ್ನೆ ಎಡಗಿವಿ. ನನ್ನ ಬಲಗಿವಿ 500 ಮತ್ತು 1000ದಲ್ಲಿ 20 ಡೆಸಿಬಲ್ (ಸದ್ದು ಎಷ್ಟು ಜೋರು ಅನ್ನೋ ಅಳತೆ), 2000ದಲ್ಲಿ 30, 4000ದಲ್ಲಿ ಧೊಪ್ಪನೆ 50. ನಾಲ್ಕರ ಸರಾಸರಿ 30. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 20ರಿಂದ 35ರ ಒಳಗಿದ್ದರೆ ಅಲ್ಪ ದೋಷ. 8000ದಲ್ಲಿ ಗೆರೆ ಮತ್ತೆ ಮೇಲೆ ಬಂದಿತ್ತು. 4000ದ ಸುತ್ತ ಹೀಗೆ ಗುಂಡಿ ಬಿದ್ದರೆ ಅದು ಸಾಮಾನ್ಯವಾಗಿ ಸದ್ದಿನ ಗುರುತು. ಆಡಿಯಾಲಜಿಸ್ಟ್ ಹಾಳೆ ನೋಡಿ "ಏನು ಕೆಲಸ ನಿಮ್ಮದು?" ಅಂತ ಕೇಳಿದ್ದು ಅದಕ್ಕೇ.

ಮನೆಯವರಿಗೆ ಹೇಳಬೇಕಾದ್ದು ಒಂದೇ: ಕಿರುಚಬೇಡಿ, ಹತ್ತಿರ ಬನ್ನಿ. ಕಿರುಚಿದರೆ ಒ, ಉ ದಪ್ಪ ಆಗುತ್ತವೆ, ಸ ಹಾಗೇ ಕಾಣೆ. ಮೊದಲು ಹೆಸರು ಕರೆದು, ಮುಖ ತೋರಿಸಿ, ಆಮೇಲೆ ಮಾತಾಡಲಿ. ಮಿಕ್ಸಿ, ಟಿವಿ ಆಫ್ ಇರಲಿ. ಮಗ್ಗದ ಶೆಡ್‌ನಲ್ಲಿ ನಾವೆಲ್ಲ ತುಟಿ ನೋಡಿ, ಕೈಸನ್ನೆ ಮಾಡಿಯೇ ಮಾತಾಡುತ್ತಿದ್ದೆವು. ಆ ವಿದ್ಯೆ ಈಗ ಮನೆಯಲ್ಲಿ ಉಪಯೋಗಕ್ಕೆ ಬರುತ್ತಿದೆ.

ನಾವೂ ಒಂದು ಚಾಳಿ ಬಿಡಬೇಕು, ತಿಳಿಯದಿದ್ದರೂ "ಹ್ಞೂ ಹ್ಞೂ" ಅನ್ನೋದು. ನಾನು ಹಾಗೆ ತಲೆಯಾಡಿಸಿ ಬೀಗರ ಮನೆ ಗೃಹಪ್ರವೇಶಕ್ಕೆ ಒಂದು ದಿನ ತಡವಾಗಿ ಹೋಗಿದ್ದೇನೆ. ಬರೀ "ಏನು?" ಅಂದರೂ ಸಾಲದು, ಅದೇ ಮಾತು ಅದೇ ಥರ ವಾಪಸ್ ಬರುತ್ತದೆ. "ಬುಧವಾರ ಅಂದ್ರಲ್ಲ, ಎಷ್ಟು ಗಂಟೆಗೆ?" ಅಂತ ತಪ್ಪಿದ ತುಂಡನ್ನೇ ಕೇಳಿ. ಲೆಕ್ಕ, ತಾರೀಖು, ಔಷಧಿ ಡೋಸ್ ಬರೆಸಿಕೊಳ್ಳಿ.

ಹಿಯರಿಂಗ್ ಏಡ್ ಎಲ್ಲರಿಗೂ ಬೇಕೇಬೇಕು ಅಂತಿಲ್ಲ. ಕೆಲಸಕ್ಕೆ, ಮಾತುಕತೆಗೆ ತೊಂದರೆ ಆಗುತ್ತಿದ್ದರೆ ಹಾಕಿ. ಟೆಸ್ಟ್ ಇಲ್ಲದೆ ಸಿಗುವ ಅಗ್ಗದ ಮೆಷಿನ್ ಎಲ್ಲ ಸದ್ದನ್ನೂ ಒಂದೇ ಸಮ ಏರಿಸುತ್ತದೆ. ನಾನೂ ಒಂದು ಕೊಂಡು ಬೀರುವಿನಲ್ಲಿಟ್ಟಿದ್ದೇನೆ. ನನಗೆ ಬೇಕಿದ್ದದ್ದು 2000, 4000ದಲ್ಲಿ ಮಾತ್ರ ಏರಿಕೆ. ಅದನ್ನು ಆಡಿಯೋಗ್ರಾಂ ನೋಡಿಯೇ ಹೊಂದಿಸಬೇಕು. ಹಾಗೆ ಹೊಂದಿಸಿದ್ದನ್ನು ಹಾಕಿದ ಮೊದಲ ವಾರ ಸ್ಟೀಲ್ ಲೋಟ ಇಟ್ಟರೂ ಬೆಚ್ಚಿಬೀಳುತ್ತಿದ್ದೆ. ಹಾಗಂತ ಬಿಟ್ಟುಬಿಡಬೇಡಿ, ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ ಹೆಚ್ಚಿಸುತ್ತಾ ಹೋಗಿ. ತಲೆಗೆ ಅಭ್ಯಾಸವಾಗಲು ಕೆಲವು ವಾರ ಬೇಕು. ಸ್ನಾನಕ್ಕೆ ಬಿಚ್ಚಿಡಿ, ರಾತ್ರಿ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಬಿಲ್ಲೆ ಬ್ಯಾಟರಿಯಾದರೆ ಸ್ಟಿಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ.

ಸದ್ದಿಗೆ ಹೋದ ಕಿವಿ ವಾಪಸ್ ಬರೋದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು. ನಾವು ಆಗ ಕಿವಿಗೆ ನೂಲಿನ ಚೂರು ತುರುಕುತ್ತಿದ್ದೆವು, ಅದು ಸದ್ದನ್ನು ಹೆಚ್ಚೇನೂ ತಡೆಯೋದಿಲ್ಲ. ಫೋಮ್ ಪ್ಲಗ್ ತಗೊಳ್ಳಿ. ಬೆರಳಲ್ಲಿ ಹೊಸೆದು ಬತ್ತಿಯಂತೆ ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಸೇರಿಸಿ. ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿದಿರಿ. ಅರ್ಧ ಹೊರಗೇ ಉಳಿದರೆ ಹಾಕಿಯೂ ಹಾಕದಂತೆ.

ಈಗ ಮಗ್ಗ ನೋಡಿಕೊಳ್ಳೋದು ಮಗ. ಪ್ಲಗ್ ಡಬ್ಬಿಯನ್ನು ಮೋಟರ್ ಸ್ವಿಚ್ ಪಕ್ಕದಲ್ಲೇ ಮೊಳೆಗೆ ನೇತುಹಾಕಿದ್ದೇನೆ. ಅವನು ಮರೆತ ದಿನ ನಾನೇ ಹೋಗಿ ಸ್ವಿಚ್ ಆಫ್ ಮಾಡಿ ಬರುತ್ತೇನೆ. ಬೈಯುತ್ತಾನೆ. ಅದರಲ್ಲಿ ಅರ್ಧ ನನಗೆ ಕೇಳಿಸೋದಿಲ್ಲ.